ಮಿರ್ಚಿ ಕೂಪನ್ನು ತಂದ ಬಿಪಿ

ಅಷ್ಟೆಲ್ಲ ರಾದ್ಧಾಂತಕ್ಕೂ ಮೂಲ ಒಂದು ಪ್ಲೇಟು ಒಗ್ಗರಣೆ ಮಿರ್ಚಿ.

ಸಂಡೂರಿನ ಗಣಿಯೊಂದರಲ್ಲಿ ಅದಿರು ಲಾರಿಗಳನ್ನು ತೂಕದ ಕಟ್ಟೆಗೆ ಹತ್ತಿಸಿ ಇಳಿಸುವ ಉಸ್ತುವಾರಿ ಹಂಪೇಶನದು. ಅಂದು ಬೆಳಿಗ್ಗೆ ಕಂಪನಿಯವರು ಆಫೀಸಿನ ಮುಂದೆ ಶಾಮಿಯಾನ ಹಾಕಿಸಿ ಆರೋಗ್ಯ ತಪಾಸಣೆ ಇಟ್ಟಿದ್ದರು. ಬಿಪಿ ನೋಡಿಸಿಕೊಂಡವರಿಗೆ ಒಂದು ಕೂಪನ್ನು, ಕೂಪನ್ನು ಕೊಟ್ಟವರಿಗೆ ಬಿಸಿ ಬಿಸಿ ಮಂಡಕ್ಕಿ ಒಗ್ಗರಣೆ, ಮೇಲೊಂದಿಷ್ಟು ಮಿರ್ಚಿ ಬಜ್ಜಿ. ಮೂವತ್ಮೂರರ ಹಂಪೇಶನಿಗೆ ಬಿಪಿಯಲ್ಲಿ ಯಾವ ಆಸಕ್ತಿಯೂ ಇರಲಿಲ್ಲ. ಅದು ಹಲ್ಲು ಬಿದ್ದವರಿಗೆ ಬರುವ ಕಾಯಿಲೆ ಎಂದು ಅವನ ನಂಬಿಕೆ. ಮಿರ್ಚಿಯ ವಾಸನೆ ಮಾತ್ರ ಮೂಗು ಹಿಡಿದು ಎಳೆದುಕೊಂಡು ಹೋಗಿ ಅವನನ್ನು ಸಾಲಿನಲ್ಲಿ ನಿಲ್ಲಿಸಿತು.

ಸಾಲಿನಲ್ಲಿ ನಿಂತಾಗಲೂ ಅವನ ಕಣ್ಣು ತೂಕದ ಕಟ್ಟೆಯ ಮೇಲೇ ಇತ್ತು. ಸರದಿ ತಪ್ಪಿಸಿ ನುಗ್ಗಿದ ಲಾರಿಯೊಂದರ ಡ್ರೈವರಿಗೆ ಅವನು ಆಗತಾನೇ ಮೂರು ತಲೆಮಾರಿನ ಹೆಸರು ಹಿಡಿದು ಬೈದು ಬಂದಿದ್ದ. ಉಸಿರಿನ್ನೂ ಇಂಜಿನ್ನಿನಂತೆ ಓಡುತ್ತಿತ್ತು. ನರ್ಸು ಅವನ ಬಾಳೆದಿಂಡಿನಂಥ ತೋಳಿಗೆ ಪಟ್ಟಿ ಸುತ್ತಿದಳು. ಪಟ್ಟಿ ಸಾಲಲಿಲ್ಲ. ಎಳೆದು, ಒತ್ತಿ, ಹೇಗೋ ಅಂಟಿಸಿದಳು.

"ಮಾತಾಡಬ್ಯಾಡ್ರಿ," ಎಂದಳು.

"ನಾನೆಲ್ಲಿ ಮಾತಾಡಾಕತ್ತೀನಿ," ಎಂದ ಹಂಪೇಶ, ಕುತ್ತಿಗೆ ತಿರುಗಿಸಿ, "ಲೇ, ಗಾಡಿ ಹಿಂದಕ್ಕ ತಗೀಲೇ," ಎಂದು ಅದೇ ಡ್ರೈವರಿಗೆ ಕೂಗಿದ.

ಯಂತ್ರ ನೂರಾ ಅರವತ್ತೆಂಟು, ನೂರಾ ನಾಲ್ಕು ಎಂದು ತೋರಿಸಿತು.

ಪಕ್ಕದ ಮೇಜಿನ ಡಾಕ್ಟರು ದೇವಿಕಾ ಚೀಟಿ ನೋಡಿ ಅವನನ್ನು ಹತ್ತಿರ ಕರೆದರು. ಮೆಲುದನಿಯಲ್ಲೇ ಹೇಳಿದರು. "ಜಗಳದ ಮಧ್ಯೆ ಅಳೆದ ಒಂದು ಬಿಪಿ ಹಿಡಕೊಂಡು ನಾನು ಏನೂ ಹೇಳಂಗಿಲ್ಲ. ಹಂಗಂತ ಬಿಡಾಕೂ ಬರಲ್ಲ. ಈಗ ನಿಮ್ಮ ವಯಸ್ಸಿನವರಿಗೂ ಬರ್ತೈತಿ, ಬಂದಿದ್ದು ಗೊತ್ತೂ ಆಗಲ್ಲ. ಸಂಜಿಗೆ ಹೊಸಪೇಟಿಗೆ ನನ್ನ ಕ್ಲಿನಿಕ್ಕಿಗೆ ಬರ್ರಿ, ಸಮಾಧಾನದಿಂದ ನೋಡೋಣ. ಮನಿಯವರನ್ನೂ ಕರ್ಕೊಂಡು ಬರ್ರಿ, ಊಟದ ಬಗ್ಗೆ ಮಾತಾಡೋದೈತಿ. ಅಲ್ಲೀತನಕ ಯಾರ ಗುಳಿಗಿನೂ ನುಂಗಬ್ಯಾಡ್ರಿ."

ಡಾಕ್ಟರು ಎಷ್ಟು ಮೆಲ್ಲಗೆ ಹೇಳಿದರೇನು, ಸಾಲಿನಲ್ಲಿ ಹಿಂದೆ ನಿಂತವನು ಪಂಪಣ್ಣ. ಅವನೂ ತೂಕದ ಕಟ್ಟೆಯವನೇ. ಇನ್ನೊಬ್ಬರ ಸುದ್ದಿ ಕಿವಿಗೆ ಬಿದ್ದರೆ ಅದನ್ನು ಊರಿಗೆ ಮುಟ್ಟಿಸುವ ತನಕ ಅವನಿಗೆ ಚಹಾ ಇಳಿಯುವುದಿಲ್ಲ. ಹಂಪೇಶ ಕೂಪನ್ನು ಕೊಟ್ಟು ಪ್ಲೇಟು ಹಿಡಿಯುವಷ್ಟರಲ್ಲಿ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಿದ್ದಿತ್ತು: "ನಮ್ಮ ಹಂಪೇಶನಿಗೆ ಹೈ ಬಿಪಿ. ಎಲ್ಲರೂ ದೇವರಲ್ಲಿ ಬೇಡಿಕೊಳ್ಳಿ." ಕೆಳಗೆ ಕೈಮುಗಿದ ಚಿತ್ರ. ಅದರ ಕೆಳಗೆ ಯಾರೋ ದೀಪದ ಚಿತ್ರ ಹಾಕಿದರು. ದೀಪವನ್ನಷ್ಟೇ ನೋಡಿದ ಇನ್ನೊಬ್ಬ, "ಓಂ ಶಾಂತಿ, ಒಳ್ಳೆ ಮನುಷ್ಯ ಇದ್ದ," ಎಂದು ಬರೆದ.

"ಯಾವನಲೇ ಇದನ್ನ ಹಾಕಿದ್ದು," ಎಂದು ಹಂಪೇಶ ಗರ್ಜಿಸಿದ.

"ನೋಡು, ನೋಡು, ಏರಾಕತ್ತೈತಿ," ಎನ್ನುತ್ತ ಪಂಪಣ್ಣ ಅವನ ಕೈಯಿಂದ ಪ್ಲೇಟು ಕಸಿದುಕೊಂಡ. "ಇದು ನಿನಗ ವಿಷಪ್ಪಾ. ಉಪ್ಪು, ಎಣ್ಣಿ, ಖಾರ. ಮೂರೂ ಯಮನ ತಮ್ಮಂದಿರು." ಹಾಗೆಂದು ಯಮನ ತಮ್ಮಂದಿರನ್ನು ಒಬ್ಬೊಬ್ಬರನ್ನಾಗಿ ತನ್ನ ಬಾಯಿಗೇ ಹಾಕಿಕೊಂಡ.

ಹಂಪೇಶ ಕೈ ಎತ್ತುವಷ್ಟರಲ್ಲಿ ಮ್ಯಾನೇಜರ ಕರೆ ಬಂತು. ಮ್ಯಾನೇಜರು ಅವನನ್ನು ಒಳಗೆ ಬಿಡಲಿಲ್ಲ, ಕಿಟಕಿಯಿಂದಲೇ ಮಾತಾಡಿದರು. "ನೀವು ಮನಿಗೆ ಹೋಗ್ರಿ. ಇಲ್ಲೇನರ ಹೆಚ್ಚುಕಮ್ಮಿ ಆದ್ರ ಪೇಪರಿನವರು ಬರ್ತಾರ."

"ಸರ್, ನನಗೇನೂ ಆಗಿಲ್ಲ."

"ಎಲ್ಲಾರೂ ಹಂಗ ಅಂತಾರ. ರಜಾ ನಿಮ್ಮ ಲೆಕ್ಕದಾಗ ಹಾಕ್ಸೀನಿ."

ಕೇಳದ ರಜೆ, ತಿನ್ನದ ಮಿರ್ಚಿ, ಸಾಯದೆ ಬಂದ ಓಂ ಶಾಂತಿ. ಈ ಮೂರನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಹಂಪೇಶ ಹೊಸಪೇಟೆಯ ಬಸ್ಸು ಹತ್ತಿದ. ಪಕ್ಕದಲ್ಲಿ ಕುಳಿತವರು ಕಿಟಕಿ ಮುಚ್ಚಲೇ ಎಂದು ಕೇಳಿದ್ದಕ್ಕೆ ಎಷ್ಟು ಜೋರಾಗಿ "ಮುಚ್ರಿ" ಎಂದನೆಂದರೆ, ಹಿಂದಿನ ಎರಡು ಸೀಟಿನವರೂ ತಮ್ಮ ತಮ್ಮ ಕಿಟಕಿ ಮುಚ್ಚಿಕೊಂಡರು.

ಹೊಸಪೇಟೆಗೆ ಅಂಟಿಕೊಂಡ ಚಿತ್ತವಾಡ್ಗಿಯಲ್ಲಿ ಅವನ ಓಣಿ ಆಗಲೇ ಸಜ್ಜಾಗಿ ನಿಂತಿತ್ತು. ಪಂಪಣ್ಣ ಫೋನು ಮಾಡಿ ಹಂಪೇಶನ ಹೆಂಡತಿ ಕಾವ್ಯಳಿಗೆ ಹೇಳಿದ್ದ. ಅವಳು ಫೋನಿನಲ್ಲಿ ಮಾತಾಡುತ್ತಿದ್ದಾಗ ಮನೆಯ ಮಾಲಕಿ ಶಾಂತಕ್ಕ ಬಾಗಿಲಲ್ಲೇ ಇದ್ದಳು. ಶಾಂತಕ್ಕನಿಗೆ ಗೊತ್ತಾದ ಮೇಲೆ ಓಣಿಗೆ ಬೇರೆ ಹೇಳುವ ಅಗತ್ಯವಿರಲಿಲ್ಲ.

ಒಳಗೆ ಬಂದವನಿಗೆ ಕಾವ್ಯ ನೀರು ಕೊಟ್ಟು, "ಏನಂದ್ರು ಡಾಕ್ಟ್ರು?" ಎಂದು ಕೇಳಿದಳು. ಇಪ್ಪತ್ತೊಂಬತ್ತರ ಹೆಂಗಸು; ಎಂಥ ಗದ್ದಲದಲ್ಲೂ ಬಾವಿಯ ನೀರಿನಂತೆ ಇರುವವಳು. ಅವಳ ಧ್ವನಿ ಅಡಿಗೆಮನೆಯ ಹೊಸ್ತಿಲು ದಾಟಿದ್ದನ್ನು ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಮಗಳು ರಜೆಗೆಂದು ಕಂಪ್ಲಿಯ ಅಜ್ಜಿಯ ಮನೆಗೆ ಹೋಗಿದ್ದರಿಂದ ಮನೆ ಇನ್ನೂ ಸುಮ್ಮನಿತ್ತು, ಅಂದರೆ ಶಾಂತಕ್ಕ ಬಾಯಿ ತೆರೆಯುವ ತನಕ.

ಉತ್ತರ ಶಾಂತಕ್ಕನೇ ಕೊಟ್ಟಳು, ಅಡಿಗೆಮನೆಯೊಳಗಿಂದ. "ಡಾಕ್ಟ್ರೇನು ಹೇಳೋದು, ನಾ ಹೇಳ್ತೀನಲ್ಲ. ಇವತ್ತಿಂದ ಈ ಮನ್ಯಾಗ ಉಪ್ಪು ಇರಬಾರ್ದು." ಅವಳ ಕಂಕುಳಲ್ಲಿ ಮಾವಿನ ಉಪ್ಪಿನಕಾಯಿಯ ಭರಣಿ, ಕೈಯಲ್ಲಿ ಹಪ್ಪಳದ ಡಬ್ಬಿ, ಸೆರಗಿನ ಗಂಟಿನಲ್ಲಿ ಶೇಂಗಾ ಚಟ್ನಿಪುಡಿ. "ಇವು ಕಣ್ಣಿಗೆ ಬಿದ್ರ ಇವ ತಡಿಯಂಗಿಲ್ಲ. ನಮ್ಮ ಮನ್ಯಾಗ ಇರ್ಲಿ, ಸೇಫ್ ಇರ್ತಾವ."

"ಆ ಭರಣಿ ಕೆಳಗಿಡ್ರಿ," ಎಂದ ಹಂಪೇಶ.

"ನೋಡವ್ವ ಕಾವ್ಯ, ಕಣ್ಣು ಹೆಂಗ ಕೆಂಪಾದ್ವು. ಸಿಟ್ಟು ಮಾಡ್ಕೋಬ್ಯಾಡಪ್ಪಾ, ನರ ಹರಿದೀತು," ಎಂದು ಶಾಂತಕ್ಕ ಭರಣಿಯ ಸಮೇತ ಹೊರಟೇಹೋದಳು.

ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಬಂತು. ಬಾಯಿಗಿಟ್ಟ ಹಂಪೇಶನಿಗೆ ಒದ್ದೆ ಗೋಣಿಚೀಲ ಜಗಿದಂತಾಯಿತು. ತಟ್ಟೆ ಸರಿಸಿ, "ಇದನ್ನ ಎತ್ತಿಗೆ ಹಾಕಿದ್ರ ಎತ್ತೂ ಒದೀತೈತಿ," ಎಂದು ಕೂಗಿದ.

"ಶಾಂತಕ್ಕ ನಿಂತು ಮಾಡಿಸಿದ್ರು," ಎಂದಷ್ಟೇ ಹೇಳಿ ಕಾವ್ಯ ತಟ್ಟೆ ಎತ್ತಿದಳು. ಅದೇ ಪಲ್ಯವನ್ನು ತಾನೂ ಉಂಡಳು. ಅವಳಿಗೆ ಹೇಗಿತ್ತೆಂದು ಯಾರೂ ಕೇಳಲಿಲ್ಲ.

ಊಟದ ಮೇಲೆ ಒಂದು ಗಳಿಗೆ ಮಲಗೋಣವೆಂದರೆ ಗಾದಿಲಿಂಗಪ್ಪ ಬಂದ. ನಿವೃತ್ತ ಬಸ್ ಕಂಡಕ್ಟರು. ಊರಿನಲ್ಲಿ ಯಾರಿಗೆ ಬಿಪಿ ಬಂದರೂ ಅವನು ತನ್ನ ಬಳಗಕ್ಕೆ ಹೊಸ ನೆಂಟ ಬಂದಷ್ಟು ಸಂತೋಷಪಡುತ್ತಿದ್ದ. ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದು, ಒಂದನ್ನು ಟಿಕೆಟು ಹರಿದಂತೆ ಎರಡು ತುಂಡು ಮಾಡಿದ.

"ಅರ್ಧ ನನಗ, ಅರ್ಧ ನಿನಗ. ನುಂಗು."

"ದೇವಿಕಾ ಡಾಕ್ಟ್ರು ಬ್ಯಾಡ ಅಂದಾರ."

"ಯಾವ ಡಾಕ್ಟ್ರು? ಆಕಿ ಹುಟ್ಟೋಕ್ಕಿಂತ ಮೊದ್ಲಿಂದ ನನಗ ಬಿಪಿ ಐತಿ."

"ನಾ ನುಂಗಲ್ರಿ."

"ಈ ಹಟ ಐತಲ್ಲ, ಇದ ಬಿಪಿ. ನಿನ್ನ ಮೂಗಿನ ತುದ್ಯಾಗ ಸಿಟ್ಟೈತಿ ನೋಡು, ಅದು ತಲಿಗೆ ಹೋಗಿ ರಕ್ತ ಆಗ್ತೈತಿ. ಕಾವ್ಯನ್ನ ನೋಡಿ ಕಲಿ. ಒಂದು ದಿನ ಆಕಿ ಧ್ವನಿ ಎತ್ತಿದ್ದು ಕಂಡೀಯೇನು? ಆಕಿಗೆ ನೂರು ವರ್ಷ."

ಕಾವ್ಯ ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ನಳದಲ್ಲಿ ನೀರು ಬಂತೆಂದು ಓಣಿಯೆಲ್ಲ ಕೊಡಗಳ ಸದ್ದಾಯಿತು. ಗಾದಿಲಿಂಗಪ್ಪನಿಂದ ಪಾರಾಗಲು ಇದೇ ಸಮಯವೆಂದು ಹಂಪೇಶ ಎರಡು ಕೊಡ ಹಿಡಿದು ಹೊರಗೆ ಹಾರಿದ. ನಳದ ಹತ್ತಿರ ದಿನವೂ ಜಗಳವಾಡಿ ಜಾಗ ಹಿಡಿಯುವವನಿಗೆ ಅಂದು ಜನ ಮದುವಣಿಗನಿಗೆ ಬಿಡುವಂತೆ ದಾರಿ ಬಿಟ್ಟರು. ಅವನು ಬಗ್ಗಿ ತುಂಬಿದ ಕೊಡಕ್ಕೆ ಕೈ ಹಾಕಿದ್ದೇ ತಡ, ಕೂಗೆದ್ದಿತು.

"ಎತ್ತಬ್ಯಾಡ, ಎತ್ತಬ್ಯಾಡ," ಎಂದು ಶಾಂತಕ್ಕ ಓಡಿಬಂದು ಕೊಡ ಹಿಡಿದಳು. "ಭಾರ ಎತ್ತಿದ್ರ ಎದಿ ಒಡೀತೈತಿ." ಗಾದಿಲಿಂಗಪ್ಪ ರಟ್ಟೆ ಹಿಡಿದು ಅವನನ್ನು ಕಟ್ಟೆಯ ಮೇಲೆ ಕೂರಿಸಿದ. ಕೂರಿಸಿದ್ದಲ್ಲದೆ, ಏಳದಂತೆ ಪಕ್ಕದಲ್ಲೇ ಕುಳಿತು, "ಮೂಗಿನಿಂದ ಉಸಿರು ತಗೋ, ಬಾಯಿಂದ ಬಿಡು," ಎಂದು ಪಾಠ ಶುರುಮಾಡಿದ. ಹಂಪೇಶ ಚೌತಿಯ ಗಣಪನಂತೆ ಹೊಟ್ಟೆ ಬಿಟ್ಟುಕೊಂಡು ಕುಳಿತ. ಬಂದುಹೋಗುವವರೆಲ್ಲ ನಿಂತು ಅವನನ್ನು ನೋಡಿ, ಚ್ ಚ್ ಎಂದು, ಇನ್ನೂ ಸಣ್ಣ ವಯಸ್ಸೆಂದು ಮರುಗಿ ಮುಂದೆ ಹೋದರು. ಅವನ ಎದುರಿನಿಂದಲೇ ಕಾವ್ಯ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಹೋದಳು, ಬರಿಗೈಯಲ್ಲಿ ಬಂದಳು, ಮತ್ತೆ ಹೋದಳು. ಮನೆಯ ತೊಟ್ಟಿ ತುಂಬುವ ತನಕ ಹಾಗೇ ನಡೆಯಿತು. ಹಂಪೇಶ ಹಲ್ಲು ಹಲ್ಲು ಕಡಿಯುವ ಸದ್ದು ಕೇಳಿಸಿಕೊಂಡ ಗಾದಿಲಿಂಗಪ್ಪ, "ಅದೂ ಬಿಪಿನ," ಎಂದ.

ಸಂಜೆ ಆಟೋ ಕರೆಸಿದಾಗ ಇಬ್ಬರೇ ಹೋಗುವುದೆಂದು ಹಂಪೇಶ ತಿಳಿದಿದ್ದ. ಹತ್ತಿ ನೋಡಿದರೆ ಶಾಂತಕ್ಕ ಆಗಲೇ ಒಳಗೆ ಕುಳಿತಿದ್ದಳು. ಗಾದಿಲಿಂಗಪ್ಪ ಡ್ರೈವರಿನ ಪಕ್ಕದಲ್ಲಿ ಅರ್ಧ ಸೀಟು ಹಿಡಿದಿದ್ದ. ಡ್ಯೂಟಿ ಮುಗಿಸಿ ಬಂದ ಪಂಪಣ್ಣ ಬೈಕಿನಲ್ಲಿ ಹಿಂದೆ. ರೈಲ್ವೆ ಗೇಟು ಹಾಕಿತ್ತು. ಅದಿರು ತುಂಬಿದ ಗೂಡ್ಸು ಗಾಡಿ ಮುಗಿಯದ ಪುರಾಣದಂತೆ ಸಾಗುತ್ತಿತ್ತು. ಹಿಂದಿನಿಂದ ಕಾರೊಂದು ಬಿಡದೆ ಹಾರ್ನು ಬಾರಿಸತೊಡಗಿತು.

"ಗೇಟ್ ಹಾಕಿದ್ದು ಕಾಣಲ್ಲೇನಲೇ," ಎಂದು ಹಂಪೇಶ ಹೊರಗೆ ತಲೆ ಹಾಕಿದ. ಶಾಂತಕ್ಕ ತನ್ನ ಸೆರಗಿನಿಂದ ಅವನ ಬಾಯಿ ಮುಚ್ಚಿದಳು. ಗಾದಿಲಿಂಗಪ್ಪ ಮುಂದಿನಿಂದ ತಿರುಗಿ ಅವನ ಎದೆಯ ಮೇಲೆ ಕೈಯಿಟ್ಟು ಬಡಿತ ಎಣಿಸತೊಡಗಿದ. ಹೊರಗಿನಿಂದ ಪಂಪಣ್ಣ, "ಜೀವ ಹೋತೇನು?" ಎಂದು ಕೇಳಿದ. ಕಾವ್ಯ ಮೂಲೆಯಲ್ಲಿ ಕುಳಿತು ಗೂಡ್ಸು ಗಾಡಿ ನೋಡುತ್ತಿದ್ದಳು.

ಕ್ಲಿನಿಕ್ಕಿನಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದ್ದು ಕಂಡು ಡಾಕ್ಟರು ದೇವಿಕಾ ಕನ್ನಡಕ ತೆಗೆದಿಟ್ಟರು. "ನಿಲ್ಲೋರು ನಿಲ್ರಿ. ಬಾಯಿ ತೆರೆದವರು ಮಾತ್ರ ಹೊರಗ."

ಅವನನ್ನು ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂರಿಸಿದರು. ಕಾಲು ನೆಲಕ್ಕೆ ಊರಿಸಿ, ಕೈ ಮೇಜಿನ ಮೇಲಿರಿಸಿ, ಐದು ನಿಮಿಷ ಯಾರೂ ಉಸಿರೆತ್ತದಂತೆ ನೋಡಿಕೊಂಡರು. ಬೆಳಗಿನಿಂದ ಹಂಪೇಶನಿಗೆ ಸಿಕ್ಕ ಮೊದಲ ನೆಮ್ಮದಿ ಅದು. ನಿದ್ದೆಯೇ ಬರುವಂತಾಯಿತು. ಆಮೇಲೆ ಕಪಾಟಿನಿಂದ ಅಗಲವಾದ ಪಟ್ಟಿಯೊಂದನ್ನು ತೆಗೆದು ಅವನ ತೋಳಿಗೆ ಸುತ್ತಿದರು. ನೂರಾ ಇಪ್ಪತ್ತೆಂಟು, ಎಂಬತ್ತೆರಡು. ಸ್ವಲ್ಪ ಬಿಟ್ಟು ಇನ್ನೊಮ್ಮೆ ನೋಡಿದರು. ಹೆಚ್ಚುಕಡಿಮೆ ಅಷ್ಟೇ.

"ಬೆಳಿಗ್ಗೆ ನಿಮ್ಮ ತೋಳಿಗೆ ಸಣ್ಣ ಪಟ್ಟಿ ಕಟ್ಟಿಬಿಟ್ಟಾರ, ಮ್ಯಾಲೆ ನೀವು ಜಗಳದಾಗಿದ್ರಿ. ಎರಡೂ ಸೇರಿ ಏರ್ಸ್ಯಾವ. ಈಗೇನೂ ಗುಳಿಗಿ ಬ್ಯಾಡ. ಹಂಗಂತ ಗೆದ್ದೆ ಅಂತ ಎದ್ದು ಹೋಗಬ್ಯಾಡ್ರಿ. ಹೊಟ್ಟಿ ಕರಗಬೇಕು, ಉಪ್ಪು ಕಮ್ಮಿ ಆಗಬೇಕು, ಆಗಾಗ ಬಿಪಿ ನೋಡಿಸ್ಕೋತಾ ಇರಬೇಕು."

ಹಂಪೇಶನ ಮುಖ ಅರಳಿತು. ಎದ್ದು ನಿಂತು, ಮೂವರ ಕಡೆಗೂ ತಿರುಗಿ, ಬೆಳಗಿನಿಂದ ಒಳಗಿಟ್ಟುಕೊಂಡಿದ್ದನ್ನೆಲ್ಲ ಬಡ್ಡಿ ಸಮೇತ ತೀರಿಸಲು ಎದೆ ತುಂಬ ಗಾಳಿ ಎಳೆದುಕೊಂಡ.

ಗಾದಿಲಿಂಗಪ್ಪ ಮಾತ್ರ ಒಪ್ಪಲಿಲ್ಲ. "ಡಾಕ್ಟ್ರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮಿಷನ್ನು ಕೆಟ್ಟೈತಿ. ಈ ಮುಖಕ್ಕ ನೂರಾ ಇಪ್ಪತ್ತೆಂಟು ಅಂದ್ರ ಯಾರು ನಂಬ್ತಾರ? ಬೇಕಂದ್ರ ಆರೋಗ್ಯ ಇದ್ದೋರಿಗೆ ಕಟ್ಟಿ ನೋಡ್ರಿ. ನಮ್ಮ ಕಾವ್ಯಗ ಕಟ್ರಿ. ಜೀವಮಾನದಾಗ ಸಿಟ್ಟು ಕಂಡಿಲ್ಲ ಆ ಹುಡುಗಿ."

"ಹೆಂಗೂ ನೋಡಬೇಕಿತ್ತು, ಕುಂದ್ರಮ್ಮ," ಎಂದರು ಡಾಕ್ಟರು. ಅವಳಿಗೂ ಅದೇ ಐದು ನಿಮಿಷದ ಮೌನ. ಅವಳ ತೋಳಿಗೆ ಸರಿಹೋಗುವ ಬೇರೆ ಪಟ್ಟಿ.

ನೂರಾ ಎಪ್ಪತ್ತಾರು, ನೂರಾ ಹನ್ನೆರಡು.

ಡಾಕ್ಟರ ಮುಖ ಬದಲಾಗಲಿಲ್ಲ. "ಇನ್ನೊಂದು ಕೈ ಕೊಡಮ್ಮ," ಎಂದರು. ಅಲ್ಲೂ ಹಾಗೇ ಬಂತು.

"ನಾ ಹೇಳ್ಲಿಲ್ಲೇನು, ಮಿಷನ್ನು ಕೆಟ್ಟೈತಿ," ಎಂದ ಗಾದಿಲಿಂಗಪ್ಪ. ಡಾಕ್ಟರು ಮಾತಾಡದೆ ಅವನನ್ನೇ ಕೂರಿಸಿ ಅವನ ತೋಳಿಗೆ ಪಟ್ಟಿ ಕಟ್ಟಿದರು. ನೂರಾ ಮೂವತ್ತೆರಡು, ಎಂಬತ್ನಾಲ್ಕು. "ಮಿಷನ್ನು ಸರಿ ಐತ್ರಿ ಯಜಮಾನ್ರ. ದಿನಾ ಗುಳಿಗಿ ನುಂಗ್ತೀರಿ, ಅದಕ್ಕ ನಿಮ್ಮದು ಹತೋಟಿಯೊಳಗೈತಿ. ಆಕೀದು ಇಲ್ಲ."

ಡಾಕ್ಟರು ಕಾವ್ಯಳನ್ನು ಒಂದೊಂದಾಗಿ ಕೇಳಿದರು. ತಲೆನೋವು? ಇಲ್ಲ. ಎದೆನೋವು, ಕಣ್ಣು ಮಂಜು? ಇಲ್ಲ. "ಬಸಿರಿದ್ದಾಗ ಬಿಪಿ ಬಂದಿತ್ತೇನು?"

"ಕೊನೀ ತಿಂಗಳಾಗ ಬಂದಿತ್ರಿ. ಹೆರಿಗಿ ಆದಮ್ಯಾಲೆ ಮತ್ತ ಬಂದು ತೋರಿಸ್ರಿ ಅಂದಿದ್ರು."

"ತೋರಿಸಿದ್ರೇನು?"

"ಕೂಸಿನ ತೂಕ, ಕೂಸಿನ ಲಸಿಕಿ ಅಂತ ಭಾಳ ಸಲ ಹೋದ್ವಿ. ನನಗ ಯಾರೂ ನೋಡ್ಲಿಲ್ಲ. ನಾನೂ ಕೇಳ್ಲಿಲ್ಲ."

ಹಂಪೇಶ ಎಳೆದುಕೊಂಡಿದ್ದ ಗಾಳಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆಗೆಲ್ಲ ಜೊತೆಗೆ ಹೋದವನು ಅವನೇ. ಕೂಸನ್ನು ಎತ್ತಿಕೊಂಡು ಹೊರಗೆ ಬಂದು ಆಟೋದವರ ಜೊತೆ ಬಾಡಿಗೆಗೆ ಜಗಳವಾಡಿದ್ದು ಬಿಟ್ಟರೆ ಅವನಿಗೆ ಬೇರೇನೂ ನೆನಪಿರಲಿಲ್ಲ. ನಿಂತವನು ಮೆಲ್ಲಗೆ ಕುಳಿತ.

ಕುಳಿತದ್ದೇ ತಪ್ಪಾಯಿತು. ಮೂವರೂ ಅವನ ಮೇಲೆ ತಿರುಗಿದರು.

"ಎಲ್ಲಾ ಇವನಿಂದ," ಎಂದಳು ಶಾಂತಕ್ಕ. "ದಿನಬೆಳಗಾದ್ರ ಇವನ ಬಾಯಿ. ಆ ಹುಡುಗಿ ಒಳಗ ಒಳಗ ನುಂಗಿ ನುಂಗಿ ಹಿಂಗಾತು."

"ತನ್ನ ಬಿಪಿ ಆಕಿಗೆ ಹತ್ತಿಸ್ಯಾನ," ಎಂದ ಗಾದಿಲಿಂಗಪ್ಪ.

ಪಂಪಣ್ಣ ಮೊಬೈಲು ತೆಗೆದ. "ಗ್ರೂಪಿನಾಗ ಹಾಕ್ತೀನಿ, ತಪ್ಪು ಸುದ್ದಿ ಹೋಗೈತಲ್ಲ."

"ಸಿಟ್ಟೊಂದ ಕಾರಣ ಅಲ್ರಿ, ಬಿಪಿ ಅಂಟೋ ರೋಗನೂ ಅಲ್ಲ," ಎಂದು ಡಾಕ್ಟರು ಹೇಳುತ್ತಿದ್ದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಹಂಪೇಶ ಬಾಯಿ ತೆರೆದ. "ಶ್, ಆಕಿ ಮುಂದ ಒದರಬ್ಯಾಡ," ಎಂದು ಮೂವರೂ ಒಟ್ಟಿಗೆ ಬೆರಳು ತೋರಿಸಿದರು.

ಆಗ ಕಾವ್ಯ ಎದ್ದು ನಿಂತಳು.

"ಶಾಂತಕ್ಕ, ಬೆಳಿಗ್ಗಿಂದ ನನ್ನ ಅಡಿಗಿಮನ್ಯಾಗ ನೀವ ಅದೀರಿ. ನಾ ಹಾಕಿದ ಉಪ್ಪಿನಕಾಯಿ ನನ್ನ ಕೇಳದ ಒಯ್ದ್ರಿ. ರಾತ್ರಿಯೊಳಗ ಭರಣಿ ವಾಪಸ್ ಬರಬೇಕು, ತುಂಬಿದ್ದು ತುಂಬಿದಂಗ." ಧ್ವನಿ ಹೊರಗಿನ ಬೆಂಚಿನ ತನಕ ಹೋಯಿತು. ಅಲ್ಲಿ ಕುಳಿತ ರೋಗಿಗಳು ಬಾಗಿಲಿಗೆ ಬಂದರು. "ಗಾದಿಲಿಂಗಪ್ಪನೋರ, ಇವರು ಕೊಡ ಎತ್ತಬಾರ್ದು ಅಂತ ಕುಂದ್ರಿಸಿದ್ರಿ. ಕೊಡ ತಾನ ನಡಕೊಂಡು ಮನಿಗೆ ಬಂತೇನು? ಯಾರು ಹೊತ್ರು ಅಂತ ನೋಡಿದ್ರೇನು? ಸಿಟ್ಟ ಬರಲ್ಲ, ಸಿಟ್ಟ ಬರಲ್ಲ ಅಂತೀರಿ. ನನಗ ಬರ್ತೈತಿ. ದಿನಾ ಬರ್ತೈತಿ. ಮಾಡಾಕ ಟೈಮ್ ಎಲ್ಲೈತಿ? ಪಂಪಣ್ಣ, ಆ ಫೋನು ಒಳಗಿಡು. ನನ್ನ ಗಂಡ ಬದುಕಿರುವಾಗನ ಗ್ರೂಪಿನಾಗ ದೀಪ ಹಚ್ಚಿದೋರು ನೀವು. ನನ್ನ ಹೆಸರು ಅದರಾಗ ಬಂದ್ರ ನೋಡು."

ಪಂಪಣ್ಣ ಫೋನನ್ನು ಬಿಸಿ ಮಿರ್ಚಿಯಂತೆ ಜೇಬಿಗೆ ಹಾಕಿಕೊಂಡ. ಶಾಂತಕ್ಕನಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು. ಗಾದಿಲಿಂಗಪ್ಪ ಅವಳನ್ನು ಮನೆಗೆ ಮುಟ್ಟಿಸುವ ಜವಾಬ್ದಾರಿ ಹೊತ್ತುಕೊಂಡ. ಮೂವರೂ ಹೋದ ಮೇಲೆ ಕಾವ್ಯ ಗಂಡನ ಕಡೆ ತಿರುಗಿದಳು.

"ಮತ್ತ ನೀವು," ಎಂದು ಶುರುಮಾಡಿ, ನಿಲ್ಲಿಸಿ, "ನಿಮ್ಮದು ಮನಿಗೆ ಹೋದಮ್ಯಾಲೆ," ಎಂದಳು.

ಡಾಕ್ಟರು ಚೀಟಿ ಬರೆಯುವ ಮುನ್ನ ಇನ್ನೊಂದು ಕೂಸಿನ ಯೋಚನೆ ಇದೆಯೇ ಎಂದು ಕೇಳಿದರು. ಅದಕ್ಕೆ ತಕ್ಕ ಗುಳಿಗೆ ಬರೆಯಬೇಕೆಂದರು. ರಕ್ತ, ಮೂತ್ರ, ಇಸಿಜಿ ಮಾಡಿಸಲು ಬರೆದರು. "ಮಾತಾಡಿದ್ದು ಒಳ್ಳೇದಾತಮ್ಮ. ಆದ್ರ ಮಾತಾಡಿದ್ರ ಬಿಪಿ ಹೋಗಲ್ಲ. ಆರಾಮ ಅನಿಸಿದ್ರೂ ಗುಳಿಗಿ ಬಿಡಬಾರ್ದು. ನೀರು ಹೊರೋದು ಇವರೂ ಮಾಡ್ಲಿ, ಇವರ ಹೊಟ್ಟಿಗೂ ಒಳ್ಳೇದು."

ಹೊರಗೆ ಮೆಡಿಕಲ್ ಶಾಪು. ಹಂಪೇಶನಿಗೆ ಓಣಿಯ ಮೇಲೆ ಸಿಟ್ಟು, ಪಂಪಣ್ಣನ ಮೇಲೆ ಸಿಟ್ಟು, ಕೂಸಿನ ತೂಕವಷ್ಟೇ ನೋಡಿ ಕಳಿಸಿದವರ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ. ಅಷ್ಟನ್ನೂ ಮುಖದಲ್ಲಿ ಹೊತ್ತು ಅವನು ಚೀಟಿಯನ್ನು ಗಲ್ಲಾದ ಮೇಲಿಟ್ಟ. ಅಂಗಡಿಯವನು ಚೀಟಿಯಲ್ಲಿ ಗುಳಿಗೆಯ ಹೆಸರಷ್ಟೇ ಓದಿ, ತಲೆಯೆತ್ತಿ ಅವನ ಮುಖ ನೋಡಿ, ಒಂದು ಹೆಜ್ಜೆ ಹಿಂದೆ ಸರಿದ.

"ದಿನಾ ಒಂದು ಸರ್, ತಪ್ಪಿಸಬ್ಯಾಡ್ರಿ. ಸ್ವಲ್ಪ ಸಿಟ್ಟು ಕಮ್ಮಿ ಮಾಡ್ರಿ."

"ನನಗಲ್ಲ," ಎಂದ ಹಂಪೇಶ. "ನನ್ನ ಹೆಂಡ್ತಿಗೆ."

ಅಂಗಡಿಯವನು ಅವನ ಭುಜದಾಚೆ ನೋಡಿದ. ಮೆಟ್ಟಿಲ ಮೇಲೆ ಕಾವ್ಯ ಎಂದಿನಂತೆ ಸುಮ್ಮನೆ ನಿಂತಿದ್ದಳು. ಅವನು ಗಲ್ಲಾದ ಮೇಲೆ ಬಗ್ಗಿ, ಗುಟ್ಟಿನ ದನಿಯಲ್ಲಿ ಹೇಳಿದ. "ನಿಮ್ಮ ವಯಸ್ಸಿನ ಗಂಡಸ್ರೆಲ್ಲಾ ಹೆಂಡ್ತಿಗೆ ಅಂತ ಹೇಳ್ಯ ಒಯ್ತಾರ ಸರ್. ಇದರಾಗ ನಾಚ್ಕೊಳ್ಳೋದೇನೈತಿ."

ಹಂಪೇಶನ ನಾಲಿಗೆ ತುದಿಗೆ ಬಂದ ಮಾತಿಗೆ ಅಂಗಡಿಯ ಗಾಜಿನ ಕಪಾಟು ಒಡೆಯಬೇಕಿತ್ತು. ಅವನು ಹಿಂದೆ ತಿರುಗಿದ. ಕಾವ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿದ್ದವು. ಅಳುತ್ತಿದ್ದಾಳೆಂದುಕೊಂಡ. ಹತ್ತಿರ ಹೋಗಿ ನೋಡಿದರೆ ನಗುತ್ತಿದ್ದಳು.

"ಹೂಂ ಅನ್ರಿ," ಎಂದಳು, ಕಣ್ಣೊರೆಸಿಕೊಳ್ಳುತ್ತ.

ಹಂಪೇಶ ಗಲ್ಲಾದ ಕಡೆ ತಿರುಗಿ, "ಹೂಂ," ಎಂದ.